ಹರಳಿನೊಳಗಿನ ‘ಪ್ಯಾಕಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಬಿ.ಎಸ್ಸಿ. ಮಕ್ಕಳಿಗಾಗಿ ಶಿಫ್ ಪ್ರತ್ಯಾಮ್ಲಗಳ ಹರಳು ರಚನೆಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. 1864ರಲ್ಲಿ ರಸಾಯನ ವಿಜ್ಞಾನಿ ಹ್ಯೂಗೋ ಶಿಫ್ ಮೊದಲು ವಿವರಿಸಿದ, ಕಾರ್ಬನ್–ನೈಟ್ರೋಜನ್ ದ್ವಿಬಂಧವಿರುವ ಸಂಯುಕ್ತಗಳಿವು. ‘ಬೇಸ್’ಗೆ ‘ಪ್ರತ್ಯಾಮ್ಲ’ ಎಂಬುದು ಹತ್ತನೇ ತರಗತಿಯಿಂದಲೇ ರೂಢಿಯಲ್ಲಿದೆ. ಕೆಲವರು ‘ಶಿಫ್ ಕ್ಷಾರ’ ಅಂತಾರೆ, ದಯವಿಟ್ಟು ಬೇಡ. ಕ್ಷಾರ ಎಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ. ಬಂಧ, ಕೋನ, ಸಮತಲ ಇವಕ್ಕೂ ತೊಂದರೆಯಿಲ್ಲ. ನಾನು ಸಿಕ್ಕಿಕೊಂಡಿರುವುದು ‘ಪ್ಯಾಕಿಂಗ್’ ಹತ್ತಿರ, ಅಂದರೆ ಹರಳಿನಲ್ಲಿ ಅಣುಗಳು ಜಾಗ ತುಂಬಿಕೊಂಡು ಕೂತಿರುವ ಬಗೆ.

ಇಂಥ ಒಂದು ಶಿಫ್ ಪ್ರತ್ಯಾಮ್ಲವನ್ನೇ ನೋಡಿ: ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅನಿಲೀನ್ ಎರಡನ್ನೂ ಎಥನಾಲ್‌ನಲ್ಲಿ ಕಾಯಿಸಿದರೆ ನೀರಿನ ಅಣು ಹೊರಬಿದ್ದು ಕಾರ್ಬನ್–ನೈಟ್ರೋಜನ್ ದ್ವಿಬಂಧ ಏರ್ಪಡುತ್ತದೆ. ಅದರ ಉದ್ದ ಸುಮಾರು 1.28 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಪಕ್ಕದ ಹೈಡ್ರಾಕ್ಸಿಲ್‌ನ ಹೈಡ್ರೋಜನ್ ಈ ನೈಟ್ರೋಜನ್‌ನೊಂದಿಗೆ ಹೈಡ್ರೋಜನ್ ಬಂಧ ಕಟ್ಟಿಕೊಂಡು ಆರು ಪರಮಾಣುಗಳ ಉಂಗುರವಾಗುತ್ತದೆ. ಅಣುವಿನೊಳಗಿನ ವಿಚಾರ ಇಷ್ಟು. ಆದರೆ ಹರಳಿನಲ್ಲಿ ಅಣುಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ ಎಂಬುದೂ ಬಣ್ಣದ ಆಟವನ್ನು ನಿರ್ಧರಿಸುತ್ತದೆ. ಈ ಕುಟುಂಬದಲ್ಲಿ ಚಪ್ಪಟೆ ಅಣುಗಳು ಒತ್ತೊತ್ತಾಗಿ ಕೂತ ಹರಳು ಸಾಮಾನ್ಯವಾಗಿ ಬಿಸಿಗೆ ಬಣ್ಣ ಬದಲಿಸುತ್ತದೆ. ಅಣುಗಳು ತಿರುಚಿಕೊಂಡು ಸಡಿಲವಾಗಿ ಕೂತದ್ದು ಬೆಳಕಿಗೆ ಬದಲಿಸುತ್ತದೆ. ಹೀಗಾಗಿ ಆ ‘ಕೂತಿರುವ ಬಗೆ’ಗೆ ಗಟ್ಟಿಯಾದ ಹೆಸರು ಬೇಕು.

‘ಅಡಕ’ ಮೊದಲು ಹೊಳೆಯಿತು. ಆದರೆ ಅಡಕ ಎಂದಾಗಲೇ ಬಿಗಿ ಎಂಬ ಅರ್ಥ ಬಂದುಬಿಡುತ್ತದೆ, ‘ಸಡಿಲ ಅಡಕ’ ಕಿವಿಗೆ ಒಗ್ಗುವುದಿಲ್ಲ. ‘ಪೇರಿಕೆ’ ಚೆನ್ನಾಗಿದೆ, ತಟ್ಟೆ ಪೇರಿಸಿದ ಹಾಗೆ ಒಂದರ ಮೇಲೊಂದು. ಅದನ್ನು ನಾನು ‘ಸ್ಟ್ಯಾಕಿಂಗ್’ಗೆ ಎತ್ತಿಟ್ಟಿದ್ದೇನೆ: ಬೆಂಜೀನ್ ಉಂಗುರಗಳು ಸುಮಾರು 3.3ರಿಂದ 3.8 ಆಂಗ್‌ಸ್ಟ್ರಾಮ್ ಅಂತರದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು. ಎಷ್ಟೋ ಹರಳುಗಳಲ್ಲಿ ಅಣುಗಳು ಓರೆಯಾಗಿ ಕೂರುತ್ತವೆ, ಅಲ್ಲಿ ಪೇರಿಕೆಯೇ ಇರುವುದಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಮಕ್ಕಳು ಇಲ್ಲದ್ದನ್ನು ಹುಡುಕುತ್ತಾರೆ. ‘ಒಟ್ಟಣೆ’? ಬಣವೆ ಒಟ್ಟುವುದು ನೆನಪಾಗುತ್ತದೆ, ನನಗೆ ಇಷ್ಟವೇ. ಆದರೆ ಹರಳಿನ ಜೀವಾಳವಾದ ಕ್ರಮ ಅದರಲ್ಲಿ ಕಾಣುವುದಿಲ್ಲ.

ಸದ್ಯಕ್ಕೆ ‘ಅಣುಜೋಡಣೆ’ ಎಂದು ಬರೆದು, ‘ಬಿಗಿ ಜೋಡಣೆ’, ‘ಸಡಿಲ ಜೋಡಣೆ’ ಎಂದು ಬೇರ್ಪಡಿಸಿದ್ದೇನೆ. ಇದನ್ನು ಓದಿದವರಿಗೆ ಅಣುವಿನೊಳಗೆ ಪರಮಾಣುಗಳು ಜೋಡಿಸಿಕೊಂಡಿರುವ ರೀತಿ ಎಂದು ಅನಿಸೀತೇ? ಗಾರೆ ಕೆಲಸ, ನೇಯ್ಗೆ, ಬುಟ್ಟಿ ಹೆಣೆಯುವ ಕಸುಬಿನವರ ಮಾತಿನಲ್ಲಿ ಕ್ರಮವಾಗಿ ಜಾಗ ತುಂಬುವುದಕ್ಕೆ ಬೇರೆ ಪದವಿದ್ದರೆ, ಯಾವ ಸೀಮೆಯದು ಎಂಬುದರ ಜೊತೆ ತಿಳಿಸಿ.