ಯುರೋಪಿನ ಕಾರ್ಬನ್ ಶುಲ್ಕ: ನಮ್ಮ ಬೋಲ್ಟಿನ ಮೇಲೆ ಯಾಕೆ?

ಪೀಣ್ಯ_ಬೋಲ್ಟ್:
ನಮ್ಮದು ಪೀಣ್ಯದಲ್ಲಿ 22 ಜನರ ಘಟಕ. ಬೋಲ್ಟು, ನಟ್ಟು ಮಾಡಿ ಜರ್ಮನಿಯ ಒಬ್ಬ ಗಿರಾಕಿಗೆ ಕಳಿಸುತ್ತೇವೆ. ಯುರೋಪಿನ ಕಾರ್ಬನ್ ಶುಲ್ಕದ ಲೆಕ್ಕಕ್ಕೆ ಅಂತ ಹೋದ ತಿಂಗಳು ಅವರಿಂದ ಉದ್ದದ ಎಕ್ಸೆಲ್ ಹಾಳೆ ಬಂತು. ಒಂದು ಟನ್ ಬೋಲ್ಟಿಗೆ ಎಷ್ಟು ಕಾರ್ಬನ್ ಹೊರಬಿತ್ತು ಅಂತ ತುಂಬಬೇಕಂತೆ. ಉಕ್ಕಿನ ಕಂಬಿ ಮಾಡಿದ ಕಾರ್ಖಾನೆಯ ಲೆಕ್ಕವೂ ಬೇಕಂತೆ. ಕಂಬಿ ಮಾರುವ ಡೀಲರಿಗೆ ಇದರ ಗಂಧಗಾಳಿ ಇಲ್ಲ. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದವನ್ನು ಅಮೆರಿಕ ಎರಡು ಸಲ ಬಿಟ್ಟಿದೆ. ಅಂಥವರನ್ನು ಬಿಟ್ಟು ನನ್ನ ಬೋಲ್ಟಿನ ಬೆನ್ನು ಹತ್ತಿದರೆ ಏನು ಲಾಭ? ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಉಕ್ಕು_ಲೆಕ್ಕ:
ಹೊಗೆಗೆ ಕೆಲವರೇ ಬೆಲೆ ಕಟ್ಟಿದಾಗ ಬರುವ ತೊಂದರೆ ಇದು. ಯುರೋಪ್ 2005ರಿಂದ ತನ್ನ ಕಾರ್ಖಾನೆಗಳ ಹೊಗೆಗೆ ಬೆಲೆ ಕಟ್ಟಿದೆ. ಅಲ್ಲಿ ಉಕ್ಕು ತುಟ್ಟಿಯಾದರೆ ಗಿರಾಕಿ ಬೇರೆ ದೇಶದಿಂದ ತರಿಸುತ್ತಾನೆ. ಆಗ ಅಲ್ಲಿ ಇಳಿದ ಹೊಗೆ ಇಲ್ಲಿ ಏರುತ್ತದೆ. ಆ ಹೆದರಿಕೆಗೆ ಇಷ್ಟು ವರ್ಷ ಅಲ್ಲಿನ ಉಕ್ಕಿನವರಿಗೆ ಹೊಗೆಯ ಪರವಾನಗಿ ಬಹುಪಾಲು ಪುಕ್ಕಟೆ ಸಿಗುತ್ತಿತ್ತು. ಪುಕ್ಕಟೆ ಸಿಕ್ಕರೆ ಯಾರು ತಾನೇ ಕುಲುಮೆ ಬದಲಿಸುತ್ತಾರೆ? ಈಗ ಅದನ್ನು ಕಡಿತ ಮಾಡುತ್ತಾ, ಗಡಿಯಲ್ಲಿ ಶುಲ್ಕ ಹಾಕುತ್ತಿದ್ದಾರೆ. 2026ರಲ್ಲಿ ಕಡಿತ ಶೇ. 2.5 ಮಾತ್ರ, 2034ಕ್ಕೆ ಪೂರ್ತಿ. ನಿಮ್ಮ ಗಿರಾಕಿ ಈ ಶುಲ್ಕದ ಪಟ್ಟಿಯಲ್ಲಿರುವ ಸರಕನ್ನು ಎಲ್ಲ ಕಡೆಯಿಂದ ಸೇರಿ ವರ್ಷಕ್ಕೆ 50 ಟನ್ ಒಳಗೆ ತರಿಸಿದರೆ ಶುಲ್ಕ ಇಲ್ಲ. ಜಾಸ್ತಿ ಇದ್ದರೆ ನಿಜವಾದ ಲೆಕ್ಕ ಕೊಡಿ. ಇಲ್ಲದಿದ್ದರೆ ಯುರೋಪಿನವರೇ ಗೊತ್ತುಮಾಡಿಟ್ಟ ಅಂಕಿ ಬೀಳುತ್ತದೆ, ಅದು ಸಾಮಾನ್ಯವಾಗಿ ದೊಡ್ಡದು.

ಹಳೇ_ಕಂಪ್ರೆಸರ್:
ನಾನು ಫ್ರಿಜ್ ಕಾರ್ಖಾನೆಯಲ್ಲಿ 30 ವರ್ಷ ದುಡಿದವನು. ಓಜೋನ್ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದಕ್ಕೂ ಹೀಗೇ ಬೇಲಿ ಇತ್ತು. ಸೇರದ ದೇಶದ ಜೊತೆ ಓಜೋನ್ ಹಾಳುಮಾಡುವ, ಫ್ರಿಜ್ಜಿನಲ್ಲೂ ಬಳಸುತ್ತಿದ್ದ ಅನಿಲಗಳ ವ್ಯಾಪಾರ ಮಾಡುವಂತಿರಲಿಲ್ಲ. ಆದರೂ ಭಾರತ ಕೂಡಲೇ ಸೇರಲಿಲ್ಲ. ಯಂತ್ರ ಬದಲಿಸುವ ಖರ್ಚು ಯಾರದು ಅಂತ ಪಟ್ಟು ಹಿಡಿಯಿತು. 1990ರಲ್ಲಿ ಲಂಡನ್ನಿನಲ್ಲಿ ಅದಕ್ಕೊಂದು ನಿಧಿ ಒಪ್ಪಿಗೆಯಾಯಿತು, 1992ರಲ್ಲಿ ನಾವು ಸೇರಿದೆವು. ನಮ್ಮಂಥ ದೇಶಗಳಿಗೆ 10 ವರ್ಷ ಹೆಚ್ಚಿನ ಗಡುವೂ ಸಿಕ್ಕಿತು. ಇವತ್ತು ಅದಕ್ಕೆ ಸೇರದ ದೇಶ ಒಂದೂ ಇಲ್ಲ. ಪ್ಯಾರಿಸ್‌ಗೂ ಮುಂಚೆ ಹೊಗೆ ಇಳಿಸಲು ಆದ ಕ್ಯೋಟೊ ಒಪ್ಪಂದಕ್ಕೆ ಬೇಲಿಯೇ ಇರಲಿಲ್ಲ. ಅಮೆರಿಕ ಸಹಿ ಹಾಕಿಯೂ ಅನುಮೋದಿಸಲಿಲ್ಲ. 2011ರಲ್ಲಿ ಕೆನಡಾ ಹೊರಗೆ ಹೋಗುತ್ತೇನೆ ಅಂದಿತು, ಹೋಯಿತು, ಅಷ್ಟೇ. ಯುರೋಪಿನ ಈ ಶುಲ್ಕದಲ್ಲಿ ಬೇಲಿ ಇದೆ, ನಿಧಿ ಇಲ್ಲ. ವಸೂಲಾದ ಹಣದಲ್ಲಿ ಒಂದು ಪಾಲು ನಮ್ಮ ಕುಲುಮೆಗಳಿಗೆ ವಾಪಸ್ ಬರಬೇಕು. ಭಾರತ ಆಗ ಹಿಡಿದ ಪಟ್ಟನ್ನು ಈಗಲೂ ಹಿಡಿಯಬೇಕು ಅಲ್ವಾ?

ಪೀಣ್ಯ_ಬೋಲ್ಟ್:
ಇಬ್ಬರಿಗೂ ಧನ್ಯವಾದ. ಗಿರಾಕಿ ನನ್ನಿಂದಲೇ ವರ್ಷಕ್ಕೆ 140 ಟನ್ ತರಿಸುತ್ತಾನೆ, ಹಾಗಾಗಿ ವಿನಾಯಿತಿ ಇಲ್ಲ. ನಮ್ಮಲ್ಲೇ ಕಾರ್ಬನ್‌ಗೆ ಬೆಲೆ ಕಟ್ಟಿದರೆ ಎರಡೂ ಕಡೆ ಕೊಡಬೇಕಾ?

ಉಕ್ಕು_ಲೆಕ್ಕ:
ಇಲ್ಲ. ಇಲ್ಲಿ ಕೊಟ್ಟಿದ್ದಕ್ಕೆ ದಾಖಲೆ ತೋರಿಸಿದರೆ ಅಲ್ಲಿ ಕಳೆಯುತ್ತಾರೆ. ಆಗ ದುಡ್ಡು ನಮ್ಮ ದೇಶದಲ್ಲೇ ಉಳಿಯುತ್ತದೆ. ಸದ್ಯಕ್ಕೆ ಡೀಲರನ್ನು ಬಿಡಿ, ಕಂಬಿ ಮಾಡುವ ಕಾರ್ಖಾನೆಗೇ ಪತ್ರ ಬರೆಯಿರಿ.