ಚೀನಾದ ತಟ್ಟೆ ಮೇಲೆ ಇಂಗ್ಲಿಷ್ ಮನೆತನದ ಲಾಂಛನ ಹೆಂಗೆ ಬಂತು?

ಲಂಡನ್_ಮಲೆನಾಡಿಗ:
ಹೋದ ವಾರ ಇಲ್ಲಿನ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂಗೆ ಹೋಗಿದ್ದೆ. 18ನೇ ಶತಮಾನದ ಪಿಂಗಾಣಿ ತಟ್ಟೆ, ನಟ್ಟನಡುವೆ ಯಾವ್ದೋ ಇಂಗ್ಲಿಷ್ ಮನೆತನದ ಲಾಂಛನ, ಆದ್ರೆ ಮಾಡಿದ್ದು ಚೀನಾದಲ್ಲಂತೆ. ಆ ಕಾಲದಲ್ಲೇ ಅಷ್ಟು ದೂರದಿಂದ ಆರ್ಡರ್ ಕೊಟ್ಟು ಮಾಡಿಸ್ತಿದ್ರಾ? ಬಣ್ಣ ಬರೆದವನಿಗೆ ಅದೇನು ಅಂತ ಗೊತ್ತಿತ್ತಾ?

ಆವೆಮಣ್ಣು:
ಮಾಡಿಸ್ತಿದ್ರು, ಸೆಟ್‌ಗಟ್ಲೆ. ತಟ್ಟೆ ಆಗ್ತಿದ್ದಿದ್ದು ಚೀನಾದ ಒಳನಾಡಿನ ಊರು ಜಿಂಗ್‌ಡೆಜೆನ್‌ನಲ್ಲಿ, ಹತ್ರದ ಗಾವೋಲಿಂಗ್ ಗುಡ್ಡದಿಂದಲೇ ಪಿಂಗಾಣಿಯ ಬಿಳಿ ಮಣ್ಣಿಗೆ ಕೇಯೋಲಿನ್ ಅಂತ ಹೆಸರು ಬಂದಿದ್ದು. 18ನೇ ಶತಮಾನದ ಮಧ್ಯದ ಹೊತ್ತಿಗೆ ಸುಟ್ಟ ಬಿಳಿ ತಟ್ಟೆನ ನದೀಲಿ ದೋಣಿ ಮೇಲೆ, ಮಧ್ಯೆ ಬೆಟ್ಟದ ದಾರೀಲಿ ಹೊತ್ಕೊಂಡು ಬಂದರು ಪಟ್ಟಣ ಕ್ಯಾಂಟನ್‌ಗೆ ತಂದು, ಅಲ್ಲಿ ಲಾಂಛನ ಬರೆದು ಕಡಿಮೆ ಶಾಖದಲ್ಲಿ ಇನ್ನೊಂದ್ಸಲ ಸುಡೋರು. 1712ರಲ್ಲಿ ಜಿಂಗ್‌ಡೆಜೆನ್ ನೋಡಿ ಪತ್ರ ಬರೆದ ಫ್ರೆಂಚ್ ಪಾದ್ರಿ ದಾಂತ್ರಕೋಲ್ ಒಂದು ಪಾತ್ರೆ 70 ಜನರ ಕೈ ದಾಟುತ್ತೆ ಅಂತಾನೆ, ನಂಗೆ ಆ ಮಾತು ಮರೆಯಕ್ಕೇ ಆಗಲ್ಲ.

ಹಳೇಕಾಗದ:
ಗೊತ್ತಿತ್ತಾ ಅನ್ನೋ ಪ್ರಶ್ನೆಗೆ: ಮನೆತನದೋರು ತಮ್ಮ ಪುಸ್ತಕಕ್ಕೆ ಅಂಟಿಸೋ ಲಾಂಛನದ ಚೀಟಿ ಕಳಿಸೋರು, ಅದು ಕಪ್ಪು ಬಿಳುಪು. ಉದ್ದ ಗೆರೆ ಇದ್ರೆ ಕೆಂಪು, ಅಡ್ಡ ಗೆರೆ ಇದ್ರೆ ನೀಲಿ ಅಂತ ಅದ್ರಲ್ಲಿ ಸಂಕೇತ. ಕೆಲವು ತಟ್ಟೆಗಳಲ್ಲಿ ಬಣ್ಣದ ಬದ್ಲು ಆ ಗೆರೆಗಳೇ ಬಂದ್ಬಿಟ್ಟಿವೆ, ಒಂದೊಂದೂ ಕೂದಲೆಳೆ ಹಂಗೆ! ಅರ್ಥ ಗೊತ್ತಿಲ್ದೆ ಅಷ್ಟು ನಿಷ್ಠೆಯಿಂದ ಬರೆದ ಕೈ ಅದು, ತಪ್ಪು ಅನ್ನಕ್ಕೆ ನಂಗೆ ಮನಸ್ಸಾಗಲ್ಲ. ಆಕಾರಕ್ಕೂ ಹಂಗೇ, 1635ರಲ್ಲಿ ಡಚ್ಚರು ಮರದಲ್ಲಿ ಕಡೆದ ಮಾದರಿ ಕಳಿಸಿದ್ರು, ನಮಗೆ ಇಂಥದ್ದೇ ತಟ್ಟೆ, ಹೂಜಿ ಬೇಕು ಅಂತ.

ಲಂಡನ್_ಮಲೆನಾಡಿಗ:
ಅಬ್ಬಾ! ಹಾಗಾದ್ರೆ ನೀಲಿ ಬಣ್ಣದಲ್ಲಿ ಸೇತುವೆ, ಮರ, ಎರಡು ಹಕ್ಕಿ ಇರೋ ಆ ವಿಲೋ ತಟ್ಟೆ?

ಆವೆಮಣ್ಣು:
ಅದು ಇಂಗ್ಲೆಂಡಿಂದು. ಚೀನಾ ಚಿತ್ರಗಳನ್ನ ನೋಡಿ 18ನೇ ಶತಮಾನದ ಕೊನೆಗೆ ಅಲ್ಲಿನ ಕುಂಬಾರರು ಅಚ್ಚು ಹಾಕಿದ್ದು, ಆ ಚಿತ್ರಕ್ಕೆ ಹೇಳೋ ಪ್ರೇಮಿಗಳ ಕತೆ ಆಮೇಲೆ ಸೇರಿಸಿದ್ದು. ಮುಂದೆ ಅದೇ ಚಿತ್ರ ಚೀನಾದಲ್ಲೂ ಬರೆಸಿದ್ರು.

ಹಳೇಕಾಗದ:
ಆ ನೀಲಿನೂ ಪೂರ್ತಿ ಚೀನಾದ್ದಲ್ಲ ಕಣ್ರೀ, ಚೀನಾನ ಮಂಗೋಲರು ಆಳಿದ ಯುವಾನ್ ಕಾಲದ (13-14ನೇ ಶತಮಾನ) ಒಳ್ಳೇ ಕೋಬಾಲ್ಟ್, ಅಂದ್ರೆ ನೀಲಿ ಬಣ್ಣ ಕೊಡೋ ಖನಿಜ, ಇರಾನ್ ಕಡೆಯಿಂದ ಬರ್ತಿತ್ತು, ಅದ್ರಲ್ಲಿ ಬರೆದ ದೊಡ್ಡ ದೊಡ್ಡ ತಟ್ಟೆ ಮತ್ತೆ ಪಶ್ಚಿಮ ಏಷ್ಯಾಕ್ಕೇ ಹೋಗ್ತಿದ್ವು, ಯುರೋಪಿನ ಹಡಗು ಬರೋಕೆ ಎಷ್ಟೋ ಮುಂಚೆ. ನಮ್ಮ ಹಂಪೀಲೂ ಅಗೆದಾಗ ಚೀನಾ ಪಿಂಗಾಣಿ ಚೂರು ಸಿಕ್ಕಿವೆ, ಅರಮನೆ ಹತ್ರದ ಶ್ರೀಮಂತರ ಮನೆಗಳ ಕಡೆ.