ಯಿಜಿಂಗ್ ಶಕುನವಿಧಿ: ಐವತ್ತು ಕಡ್ಡಿಗಳಲ್ಲಿ ಒಂದನ್ನು ಬದಿಗಿಡುವುದೇಕೆ?

ಪ್ರಶ್ನೆ

ಚೀನಾದ ಪ್ರಾಚೀನ ಶಕುನಗ್ರಂಥ ಯಿಜಿಂಗ್‌ನ ವಿಧಿಯಂತೆ ‘ಯಾರೋ’ ಎಂಬ ಗಿಡದ 50 ಒಣಕಡ್ಡಿಗಳನ್ನು ಕೈಗೆ ತೆಗೆದುಕೊಂಡು, ಮೊದಲೇ ಒಂದನ್ನು ಬದಿಗಿಟ್ಟು, ಉಳಿದ 49ನ್ನು ಮಾತ್ರ ಎರಡು ಪಾಲು ಮಾಡಿ ಎಣಿಸುತ್ತಾರೆ. ಬದಿಗಿಟ್ಟ ಕಡ್ಡಿಯನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ಅದು ತಾವೋ ಚಿಂತನೆಯ ಏಕತತ್ತ್ವವನ್ನೂ, ಎರಡು ಪಾಲುಗಳು ಪರಸ್ಪರ ಪೂರಕವಾದ ವಿರುದ್ಧ ಶಕ್ತಿಗಳಾದ ಯಿನ್ ಮತ್ತು ಯಾಂಗ್‌ಗಳನ್ನೂ ಸೂಚಿಸುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಆ ಏಕವು ನಮ್ಮ ವೇದಾಂತದ ಸಾಕ್ಷಿಯಂತೆ ದ್ವಂದ್ವದ ಹೊರಗೆ ನಿಂತ ತತ್ತ್ವವೇ, ಅಥವಾ ಇದು ಅರ್ಥ ಮರೆತುಹೋದ ಬರಿಯ ಆಚರಣೆಯೇ?

ಉತ್ತರ 1

ಇದಕ್ಕೆ ಅತ್ಯಂತ ಪ್ರಸಿದ್ಧ ವಿವರಣೆ ವಾಂಗ್ ಬಿ (226–249) ಕೊಟ್ಟದ್ದು. ತಾವೋ ಚಿಂತನೆಯ ಮೂಲಪುರುಷನೆನಿಸಿದ ಲಾವೋತ್ಸುವಿನ ಗ್ರಂಥಕ್ಕೂ ಯಿಜಿಂಗ್‌ಗೂ ವ್ಯಾಖ್ಯಾನ ಬರೆದು ಇಪ್ಪತ್ತಮೂರರ ವಯಸ್ಸಿಗೇ ತೀರಿಕೊಂಡ ಈತನ ಪ್ರಕಾರ, ಆ ಕಡ್ಡಿಯನ್ನು ಬಳಸುವುದಿಲ್ಲ, ಆದರೂ ಉಳಿದವುಗಳ ಬಳಕೆ ಸಾಧ್ಯವಾಗುವುದು ಅದರಿಂದಲೇ. ಅದು ಸಂಖ್ಯೆಯಲ್ಲ, ಆದರೂ ಸಂಖ್ಯೆಗಳು ಪೂರ್ಣಗೊಳ್ಳುವುದು ಅದರಿಂದಲೇ. ಅದೇ ತೈಜಿ, ಪರಮ ಮೂಲ. ಆದರೆ ವೇದಾಂತದ ಸಾಕ್ಷಿಗೆ ಇದನ್ನು ಹೋಲಿಸಲು ನಾನು ಹಿಂಜರಿಯುತ್ತೇನೆ. ಲಾವೋತ್ಸುವಿನ 42ನೇ ಅಧ್ಯಾಯದಲ್ಲಿ ತಾವೋ ಒಂದನ್ನು ಹೆರುತ್ತದೆ, ಒಂದು ಎರಡನ್ನು, ಎರಡು ಮೂರನ್ನು, ಮೂರು ಸಕಲ ವಸ್ತುಗಳನ್ನು ಹೆರುತ್ತದೆ. ಆ ವಸ್ತುಗಳು ಯಿನ್ ಅನ್ನು ಬೆನ್ನಿಗೆ ಹೊತ್ತು, ಯಾಂಗ್ ಅನ್ನು ಎದೆಗಪ್ಪಿಕೊಂಡು, ಎರಡರ ಪ್ರಾಣಶಕ್ತಿ ಬೆರೆತಾಗ ಸಾಮರಸ್ಯ ಪಡೆಯುತ್ತವೆ. ಇಲ್ಲಿನ ಏಕವು ನೋಡುತ್ತ ನಿಂತಿರುವುದಿಲ್ಲ, ಹೆರುತ್ತದೆ.

ಉತ್ತರ 2

ಕಾಲಕ್ರಮದ ಬಗ್ಗೆ ಒಂದು ಎಚ್ಚರಿಕೆ. ಯಿಜಿಂಗ್‌ನ ಮೂಲ ಪಠ್ಯದಲ್ಲಿ ಯಿನ್–ಯಾಂಗ್ ಎಂಬ ಜೋಡಿಯೇ ಇಲ್ಲ. ಯಿನ್ ಎಂಬ ಪದ 61ನೇ ಆಕೃತಿಯಲ್ಲಿ (ಆಕೃತಿ ಎಂದರೆ ಆರು ಗೆರೆಗಳ ಶಕುನಚಿಹ್ನೆ) ಒಮ್ಮೆ ಮಾತ್ರ ಬರುತ್ತದೆ, ಅದೂ ನೆರಳಿನಲ್ಲಿ ಕೂಗುವ ಕೊಕ್ಕರೆಯ ಮಾತಿನಲ್ಲಿ. ಕಡ್ಡಿಗಳ ವಿಧಿ, ತೈಜಿ, ‘ಒಂದು ಯಿನ್, ಒಂದು ಯಾಂಗ್, ಇದೇ ತಾವೋ’ ಎಂಬ ಪ್ರಸಿದ್ಧ ಸೂತ್ರ, ಇವೆಲ್ಲ ಶತಮಾನಗಳ ನಂತರ ಸೇರಿದ ‘ಹತ್ತು ರೆಕ್ಕೆ’ಗಳೆಂಬ ವ್ಯಾಖ್ಯಾನಗಳವು. ಈ ಗ್ರಂಥವನ್ನು ಕನ್‌ಫ್ಯೂಷಿಯನ್ ಪರಂಪರೆಯೂ ತನ್ನ ಪಂಚಗ್ರಂಥಗಳಲ್ಲಿ ಒಂದೆಂದು ಎಣಿಸುತ್ತದೆ. ಆದ್ದರಿಂದ ವಾಂಗ್ ಬಿಯ ತತ್ತ್ವವನ್ನು ಮೊದಲ ಶಕುನಿಗರ ಮನಸ್ಸಿಗೆ ಆರೋಪಿಸುವುದು ಸರಿಯಾಗದು.

ಉತ್ತರ 3

ಆ ಕಡ್ಡಿ ಏನನ್ನು ಸೂಚಿಸುತ್ತದೆ ಎಂಬ ಚರ್ಚೆ ಒಂದು ಕಡೆಗಿರಲಿ, ಅದು ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು.

ಕನ್‌ಫ್ಯೂಷಿಯನ್ ವಿದ್ವಾಂಸ ಝು ಶೀ (1130–1200) ಪುನರ್ರೂಪಿಸಿದ ಕ್ರಮದಂತೆ 49 ಕಡ್ಡಿಗಳನ್ನು ಮನಬಂದಂತೆ ಎರಡು ಪಾಲು ಮಾಡಿ, ಬಲಪಾಲಿನಿಂದ ಒಂದನ್ನು ಬೆರಳ ಸಂದಿಗೆ ಸಿಕ್ಕಿಸಿ, ಎರಡೂ ಪಾಲುಗಳನ್ನು ನಾಲ್ಕುನಾಲ್ಕಾಗಿ ಎಣಿಸಿ ಶೇಷವನ್ನು ತೆಗೆಯಬೇಕು (ಏನೂ ಉಳಿಯದಿದ್ದರೆ ಕೊನೆಯ ನಾಲ್ಕೇ ಶೇಷ). ಬೆರಳ ಸಂದಿಯದೂ ಸೇರಿ 5 ಅಥವಾ 9 ಕಡ್ಡಿಗಳು ಹೊರಬೀಳುತ್ತವೆ. ಮುಂದಿನ ಎರಡು ಸುತ್ತುಗಳಲ್ಲಿ 4 ಅಥವಾ 8 ಹೊರಬಿದ್ದು, ಕೊನೆಗೆ 24, 28, 32 ಅಥವಾ 36 ಉಳಿಯುತ್ತವೆ. ನಾಲ್ಕರಿಂದ ಭಾಗಿಸಿದರೆ 6, 7, 8 ಅಥವಾ 9. ಇವುಗಳಲ್ಲಿ 7 ಸ್ಥಿರ ಯಾಂಗ್, 8 ಸ್ಥಿರ ಯಿನ್. 9 ಎಂದರೆ ಯಿನ್ ಆಗಲಿರುವ ಮುಪ್ಪಿನ ಯಾಂಗ್, 6 ಎಂದರೆ ಯಾಂಗ್ ಆಗಲಿರುವ ಮುಪ್ಪಿನ ಯಿನ್. ಇಷ್ಟಾದರೆ ಒಂದು ಗೆರೆ. ಆರು ಗೆರೆಗಳ ಆಕೃತಿಗೆ ಹದಿನೆಂಟು ಸುತ್ತು.

ಈಗ 50 ಕಡ್ಡಿಗಳನ್ನೂ ಬಳಸಿ ನೋಡಿ. ಹೇಗೆ ಪಾಲು ಮಾಡಿದರೂ ಮೊದಲ ಸುತ್ತಿನಲ್ಲಿ ಹೊರಬೀಳುವುದು 6, ಉಳಿಯುವುದು 44. ಆಕಸ್ಮಿಕಕ್ಕೆ ಅಲ್ಲಿ ಎಡೆಯೇ ಇಲ್ಲ. ಮೂರನೆಯ ಸುತ್ತು ಮುಗಿದಾಗ 36, 32 ಅಥವಾ 28 ಉಳಿಯಬಹುದು, 24 ಎಂದಿಗೂ ಉಳಿಯದು. ಅಂದರೆ ಯಾಂಗ್ ಯಿನ್ ಆಗಬಲ್ಲದು, ಯಿನ್ ಯಾಂಗ್ ಆಗಲಾರದು. ಪರಿವರ್ತನೆ ಒಂದೇ ದಿಕ್ಕಿಗೆ ಹರಿದು ನಿಲ್ಲುತ್ತದೆ. ಎಣಿಕೆಗೆ ಬಾರದ ಆ ಒಂದು ಕಡ್ಡಿ ಎದ್ದುಹೋದಾಗಲೇ ಎರಡೂ ಪರಸ್ಪರ ಬದಲಾಗಲು ದಾರಿಯಾಗುತ್ತದೆ. ವಾಂಗ್ ಬಿ ಈ ಲೆಕ್ಕ ಮಾಡಿದ್ದನೋ ಇಲ್ಲವೋ, ಅವನ ಮಾತು ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಏಕವನ್ನು ಎರಡರ ಹೊರಗೆ ಹುಡುಕುವುದಕ್ಕಿಂತ, ಅವು ಒಂದು ಇನ್ನೊಂದಾಗುವ ಸಾಧ್ಯತೆಯಲ್ಲಿ ಹುಡುಕುವುದು ಈ ವಿಧಿಗೆ ಹೆಚ್ಚು ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನಿಸಿದವರು

ಧನ್ಯವಾದಗಳು. ಮೂರು ನಾಣ್ಯಗಳನ್ನು ಚಿಮ್ಮುವ ಸುಲಭ ವಿಧಾನದಲ್ಲಿ ಬದಿಗಿಡುವುದೇನೂ ಇಲ್ಲವಲ್ಲ. ಆಗ ಫಲ ಬೇರೆಯಾಗುತ್ತದೆಯೇ?

ಉತ್ತರ 3ರ ಲೇಖಕರು

ಆಗುತ್ತದೆ. ಎರಡೂ ವಿಧಾನಗಳಲ್ಲಿ ಯಿನ್ ಗೆರೆ, ಯಾಂಗ್ ಗೆರೆ ಬರುವ ಸಂಭವ ಸಮಸಮ. ಆದರೆ ನಾಣ್ಯಗಳಲ್ಲಿ 6 ಮತ್ತು 9 ಬರುವ ಸಂಭವ ತಲಾ ಎಂಟರಲ್ಲಿ ಒಂದು. ಕಡ್ಡಿಗಳಲ್ಲಿ 6ಕ್ಕೆ ಹದಿನಾರರಲ್ಲಿ ಒಂದು, 9ಕ್ಕೆ ಹದಿನಾರರಲ್ಲಿ ಮೂರು. ಕಡ್ಡಿಗಳ ಯಿನ್ ಯಾಂಗ್‌ನಷ್ಟು ಸುಲಭವಾಗಿ ಬದಲಾಗುವುದಿಲ್ಲ. ನಾಣ್ಯಗಳಲ್ಲಿ ಈ ಭೇದ ಅಳಿಸಿಹೋಗಿದೆ.